ಗಾಳಿ ಎಲ್ಲಿಂದ ಬೀಸುತ್ತಿದೆ? ಹಳೆಯ ಹಾಯಿಹಡಗಿನ ಚಿತ್ರ ನೋಡುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಹಡಗಿನ ಚಿತ್ರವೊಂದನ್ನು ಕೊಂಡೆ. ಮಾಸಿದ ಕಾಗದ, ಮೂರು ಕೂವೆಮರದ (ಹಾಯಿ ಕಟ್ಟುವ ಕಂಬದ) ದೊಡ್ಡ ಹಡಗು, ಹಿಂಭಾಗದಲ್ಲಿ ಇಂಗ್ಲಿಷರ ಬಾವುಟ. "1650ರದ್ದು ಸಾರ್, ಒರಿಜಿನಲ್" ಅಂದರು ಅಂಗಡಿಯವರು. ಚೌಕಾಸಿ ಮಾಡಿ 1,800 ರೂಪಾಯಿಗೆ ತಂದೆ, ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ. ದಿನಾ ಕಾಫಿ ಕುಡಿಯುತ್ತಾ ಅದನ್ನೇ ನೋಡುತ್ತಿದ್ದೆ. ನೋಡ್ತಾ ನೋಡ್ತಾ ಅದರ ಬಣ್ಣ ಒಂದೊಂದಾಗಿ ಬಯಲಾಯಿತು. ಕೆಳಗೆ ಬರೆದಿರುವುದರಲ್ಲಿ ಅರ್ಧ ಕಲಿತದ್ದು ಆ ಸುಳ್ಳು ಚಿತ್ರದಿಂದಲೇ.

ಇದು ಚಿತ್ರಕಲೆ ಓದಿದವರಿಗಾಗಿ ಬರೆದದ್ದಲ್ಲ. ಹೋಟೆಲಿನ ಗೋಡೆಯ ಮೇಲೋ ಮ್ಯೂಸಿಯಂನಲ್ಲೋ ಹಾಯಿಹಡಗಿನ ಚಿತ್ರ ಕಂಡರೆ "ಚೆನ್ನಾಗಿದೆ" ಅಂತ ಮುಂದೆ ಹೋಗುವ ಬದಲು ಐದು ನಿಮಿಷ ನಿಲ್ಲಬೇಕು ಅನ್ನುವವರಿಗೆ.

ಹೆಜ್ಜೆ 1: ದೊಡ್ಡ ಚಿತ್ರ ಹುಡುಕಿ

ಮೊಬೈಲಿನಲ್ಲಿ ಅಂಗೈಯಗಲದ ಚಿತ್ರ ಇಟ್ಟುಕೊಂಡು ಇದು ಆಗುವುದಿಲ್ಲ. ಹಗ್ಗ ಕಾಣಬೇಕು, ಬಾವುಟದ ಮೂಲೆ ಕಾಣಬೇಕು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತನ್ನ ಹಳೆಯ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ, ದುಡ್ಡಿಲ್ಲದೆ ಇಳಿಸಿಕೊಳ್ಳಲು ಬಿಟ್ಟಿದೆ. ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಕಡಲ ಮ್ಯೂಸಿಯಂನ ಸಂಗ್ರಹವನ್ನೂ ಅಂತರ್ಜಾಲದಲ್ಲಿ ನೋಡಬಹುದು.

ಅಭ್ಯಾಸಕ್ಕೆ ಎರಡು ಚಿತ್ರ ಹೇಳುತ್ತೇನೆ. ಎರಡೂ ರೈಕ್ಸ್‌ಮ್ಯೂಸಿಯಂನವು. ಎರಡನ್ನೂ ಬರೆದವನು ಕಿರಿಯ ವಿಲ್ಲೆಮ್ ಫಾನ್ ಡೆ ವೆಲ್ಡೆ, ಎರಡೂ ಸುಮಾರು 1680ರವು. ಒಂದರ ಹೆಸರು 'ತೋಪಿನ ಹೊಡೆತ', ಇನ್ನೊಂದು 'ಬಿರುಗಾಳಿಯ ಹೊಡೆತ'. ಮೊದಲನೆಯದರಲ್ಲಿ ಎಲೆ ಅಲ್ಲಾಡದಷ್ಟು ಶಾಂತ. ಎರಡನೆಯದರಲ್ಲಿ ಹಡಗು ಒಂದು ಪಕ್ಕಕ್ಕೆ ವಾಲಿ ಒದ್ದಾಡುತ್ತಿದೆ. ಇವೆರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಳ್ಳಿ.

ಹೆಜ್ಜೆ 2: ಗಾಳಿ ಹಿಡಿಯಿರಿ

ಎಲ್ಲರೂ ಮೊದಲು ಹಡಗನ್ನು ನೋಡುತ್ತಾರೆ. ನಾನು ಹೇಳುವುದು, ಮೊದಲು ಗಾಳಿಯನ್ನು ನೋಡಿ. ಹಾಯಿಹಡಗಿಗೆ ಅದೇ ಎಂಜಿನ್. ಚಿತ್ರ ಬರೆದವನಿಗೆ ಗಾಳಿ ಗೊತ್ತಿದ್ದರೆ ಹಡಗು ಗೊತ್ತಿತ್ತು ಅಂತ ಅರ್ಥ. ಗೊತ್ತಿಲ್ಲದಿದ್ದರೆ ಮಿಕ್ಕ ಬೆಡಗೆಲ್ಲ ಅಲಂಕಾರ ಅಷ್ಟೆ.

ನವೆಂಬರ್ 1ಕ್ಕೆ ಆಟೋಗಳಿಗೆ ಕಟ್ಟುವ ಹಳದಿ-ಕೆಂಪು ಬಾವುಟ ನೆನಪಿಸಿಕೊಳ್ಳಿ. ಆಟೋ ಮುಂದೆ ಓಡಿದರೆ ಬಾವುಟ ಹಿಂದಕ್ಕೆ ಹಾರುತ್ತದೆ. ನಮ್ಮ ಕಣ್ಣಿಗೆ ಅದೇ ರೂಢಿ. ಹಾಯಿಹಡಗಿನಲ್ಲಿ ಲೆಕ್ಕ ಉಲ್ಟಾ. ಹಿಂದಿನಿಂದ ಬೀಸುವ ಗಾಳಿ ಹಡಗನ್ನು ತಳ್ಳುತ್ತಿದೆ ಅಂದರೆ ಗಾಳಿಯ ಓಟ ಹಡಗಿನ ಓಟಕ್ಕಿಂತ ಜಾಸ್ತಿ ಇದೆ. ಹಾಗಾಗಿ ಬಾವುಟವೂ ಮುಂದಕ್ಕೇ ಹಾರಬೇಕು, ಹಡಗಿನ ಮೂತಿಯ ಕಡೆಗೆ. ಹಾಯಿ ಮುಂದಕ್ಕೆ ಉಬ್ಬಿ, ಬಾವುಟ ಹಿಂದಕ್ಕೆ ಹಾರುತ್ತಿದ್ದರೆ ಬರೆದವನು ಹಡಗು ಹತ್ತಿದವನಲ್ಲ. ನನ್ನ 1,800 ರೂಪಾಯಿಯ ಚಿತ್ರದಲ್ಲಿ ಹಾಗೇ ಇತ್ತು. ಮೊದಲ ಅನುಮಾನ ಬಂದದ್ದು ಅಲ್ಲಿ.

ಹಾಗಾಗಿ ಒಂದು ಸುಲಭ ಸೂತ್ರ ಇಟ್ಟುಕೊಳ್ಳಿ. ಹಾಯಿ ಯಾವ ಕಡೆಗೆ ಉಬ್ಬಿದೆಯೋ ಬಾವುಟವೂ ಆ ಕಡೆಗೇ. ಆಮೇಲೆ ಬೇರೆ ಸಾಕ್ಷಿಗಳನ್ನು ಕರೆಯಿರಿ. ತೋಪಿನ ಹೊಗೆ ಎತ್ತ ಹೋಗುತ್ತಿದೆ? ದೂರದ ಇನ್ನೊಂದು ಹಡಗಿನ ಬಾವುಟ? ಅಲೆಯ ನೊರೆ? ಎಲ್ಲವೂ ಒಂದೇ ಮಾತು ಹೇಳಬೇಕು. ಫಾನ್ ಡೆ ವೆಲ್ಡೆಯ ಚಿತ್ರಗಳಲ್ಲಿ ಹೇಳುತ್ತವೆ. 'ತೋಪಿನ ಹೊಡೆತ'ದಲ್ಲಿ ಹಾಯಿಗಳು ಒಗೆದು ಹರವಿದ ಪಂಚೆಯ ಹಾಗೆ ಜೋತು ಬಿದ್ದಿವೆ. ಗಾಳಿ ಇಲ್ಲದ ಕಾರಣ ಹೊಗೆಯೂ ಚದುರದೆ ಮುದ್ದೆಯಾಗಿ ನಿಂತಿದೆ. ಚಿತ್ರದಲ್ಲಿ ತೋಪು ಹಾರಿದ್ದರೂ ನಮಗೆ ಕೇಳಿಸುವುದು ಮೌನವೇ. ನನಗೆ ಇದು ಹಡಗಿನ ಚಿತ್ರಗಳಲ್ಲೇ ಅತಿ ಇಷ್ಟ.

ಇಲ್ಲಿ ಒಂದೆರಡು ಕಡೆ ಎಡವಬಹುದು. ಒಂದೇ ಚಿತ್ರದಲ್ಲಿ ಎರಡು ಹಡಗು ಎದುರುಬದುರು ಹೋಗುತ್ತಿದ್ದರೆ ಅದು ತಪ್ಪಲ್ಲ. ಗಾಳಿ ಪಕ್ಕದಿಂದ ಬೀಸಿದರೆ ಎರಡೂ ಕಡೆಗೆ ಹೋಗಬಹುದು. ಗಾಳಿಗೆ ನೇರ ಎದುರಾಗಿ ಮಾತ್ರ ಆಗದು. ಅಡ್ಡಹಾಯಿಯ (ಅಡ್ಡ ತೊಲೆಗೆ ಕಟ್ಟಿದ ನಾಲ್ಕು ಮೂಲೆಯ ಹಾಯಿಯ) ದೊಡ್ಡ ಹಡಗು ಗಾಳಿ ಬರುವ ದಿಕ್ಕಿನಿಂದ 60-70 ಡಿಗ್ರಿಯಾದರೂ ಓರೆಯಾಗಿ, ಅಂಕುಡೊಂಕಾಗಿ ಹೋಗಬೇಕು. ಇನ್ನು ಕೆಲವು ಸಲ ಒಂದು ಮರದ ಹಾಯಿ ಮುಂದಕ್ಕೆ ಉಬ್ಬಿ, ಇನ್ನೊಂದು ಮರದ ಹಾಯಿ ಹಿಂದಕ್ಕೆ ಒತ್ತಿ ಕೂವೆಮರಕ್ಕೇ ಅಂಟಿಕೊಂಡಂತೆ ಇರುತ್ತದೆ. ಅದು ಕಲಾವಿದನ ತಪ್ಪಲ್ಲ, ಹಡಗಿನ ಬ್ರೇಕು. ಒಂದು ಹಾಯಿ ಮುಂದೆ ತಳ್ಳುತ್ತದೆ, ಇನ್ನೊಂದು ಹಿಂದೆ ತಳ್ಳುತ್ತದೆ, ಹಡಗು ಇದ್ದಲ್ಲೇ ನಿಲ್ಲುತ್ತದೆ. ದೋಣಿಯಿಂದ ಯಾರನ್ನೋ ಹತ್ತಿಸಿಕೊಳ್ಳುವಾಗ ಹೀಗೆ ಮಾಡುತ್ತಿದ್ದರು. ಸುತ್ತ ನೋಡಿ, ಸಣ್ಣ ದೋಣಿಯೊಂದು ಹತ್ತಿರ ಬರುತ್ತಿರಬಹುದು.

ಹೆಜ್ಜೆ 3: ಮರ ಎಣಿಸಿ, ಹಾಯಿಯ ಆಕಾರ ನೋಡಿ

ನಮ್ಮ ಕರಾವಳಿಯ ಹಳೆಯ ಪತ್ತೆಮಾರಿ, ಮಚ್ವೆಗಳನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಮರಕ್ಕೆ ಓರೆಯಾಗಿ ಕಟ್ಟಿದ ಒಂದು ಉದ್ದನೆಯ ತೊಲೆ, ಅದರಿಂದ ಇಳಿಬಿದ್ದ ಮೂರು ಮೂಲೆಯ ಹಾಯಿ. ಅರಬ್ಬಿ ಸಮುದ್ರದ ಗುರುತು ಅದು. ಯುರೋಪಿನ ದೊಡ್ಡ ಹಡಗಿನಲ್ಲಿ ತೊಲೆ ಅಡ್ಡಕ್ಕೆ ಇರುತ್ತದೆ, ಹಾಯಿ ನಾಲ್ಕು ಮೂಲೆಯದು. ಮೂರು ಮರ, ಮೂರಕ್ಕೂ ಅಡ್ಡಹಾಯಿ ಇದ್ದರೆ ಹಡಗಿನವರ ಮಾತಿನಲ್ಲಿ ಅದೇ 'ಶಿಪ್'. ಕೊನೆಯ ಮರದಲ್ಲಿ ಮಾತ್ರ ಅಡ್ಡಹಾಯಿ ಇಲ್ಲದಿದ್ದರೆ 'ಬಾರ್ಕ್'. ಎರಡೇ ಮರ, ಎರಡಕ್ಕೂ ಅಡ್ಡಹಾಯಿ ಇದ್ದರೆ 'ಬ್ರಿಗ್'. ಇಷ್ಟು ಸಾಕು. ಮಿಕ್ಕ ಹೆಸರು ಬಾಯಿಪಾಠ ಮಾಡುತ್ತಾ ಕೂತರೆ ಚಿತ್ರ ನೋಡುವ ಖುಷಿ ಹೋಗುತ್ತದೆ.

ಕಾಲ ಹೇಳುವ ಗುರುತುಗಳು ಮಾತ್ರ ಬಹಳ ಮಜಾ. ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಮರ ಇರುತ್ತದಲ್ಲ, ಅದರ ತುದಿಯಲ್ಲಿ ಪುಟ್ಟ ಮರವೊಂದು ನೆಟ್ಟಗೆ ನಿಂತಿದೆಯೇ ನೋಡಿ. ಊರ ತುದಿಯ ದೀಪದ ಕಂಬದ ಹಾಗೆ. ಇದ್ದರೆ ಆ ಹಡಗು 1600ರ ದಶಕಗಳದ್ದು, ತೀರಾ ಆಚೆಗೆ ಹೋದರೆ 1700ರ ಮೊದಲ ಭಾಗದ್ದು. ಆಮೇಲೆ ಆ ಮರ ಮಾಯವಾಗಿ, ಆ ಜಾಗಕ್ಕೆ ಹಗ್ಗಗಳ ಮೇಲೆ ಏರಿಸುವ ಮೂರು ಮೂಲೆಯ ಹಾಯಿಗಳು ಬಂದವು. ಹಾಗೇ ಕೊನೆಯ ಮರದ ಕೆಳಗಿನ ಹಾಯಿಯನ್ನೂ ನೋಡಿ. ಹಳೆಯ ಚಿತ್ರಗಳಲ್ಲಿ ಅದು ನಮ್ಮ ಪತ್ತೆಮಾರಿಯ ಹಾಯಿಯಂತೆ ಓರೆ ತೊಲೆಯ ಮೇಲಿದೆ. 1700ರ ದಶಕಗಳು ಮುಗಿಯುವ ಹೊತ್ತಿಗೆ ಆ ಓರೆ ತೊಲೆ ಹೋಗಿಬಿಟ್ಟಿತ್ತು. ಮಧ್ಯದ ದೊಡ್ಡ ಹಾಯಿಯನ್ನು ಮೇಲೆ-ಕೆಳಗೆ ಅಂತ ಎರಡು ತುಂಡು ಮಾಡಿದ್ದರೆ ಅದು 1850ರ ನಂತರದ ವ್ಯಾಪಾರಿ ಹಡಗು. ಸಣ್ಣ ಹಾಯಿ ಮಡಿಸಲು ಕಡಿಮೆ ಜನ ಸಾಕು, ಸಂಬಳ ಉಳಿಯುತ್ತದೆ.

ಪಕ್ಕದ ತೋಪಿನ ಕಿಂಡಿಗಳನ್ನು ಎಣಿಸುವಾಗ ಸ್ವಲ್ಪ ಹುಷಾರು. 1800ರ ದಶಕಗಳ ಎಷ್ಟೋ ವ್ಯಾಪಾರಿ ಹಡಗುಗಳ ಪಕ್ಕದಲ್ಲಿ ಬಿಳಿ ಪಟ್ಟೆ, ಅದರ ಮೇಲೆ ಕರಿ ಚೌಕ ಇರುತ್ತವೆ. ಅವು ಕಿಂಡಿಗಳೇ ಅಲ್ಲ, ಬರೀ ಬಣ್ಣ. ದೂರದಿಂದ ನೋಡಿದವರಿಗೆ ಯುದ್ಧದ ಹಡಗು ಅನ್ನಿಸಲಿ ಅಂತ. ಹೊಲದ ಬೆದರುಬೊಂಬೆಯ ಉಪಾಯವೇ.

ನಿಜವಾದ ಹಡಗಿನ ಜೊತೆ ಹೋಲಿಸಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಸ್ಟಾಕ್‌ಹೋಮ್‌ನಲ್ಲಿ 'ವಾಸಾ' ಇದೆ. 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿದ ಅದನ್ನು 1961ರಲ್ಲಿ ಮೇಲೆತ್ತಿದರು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲೇ ಇರುವ 'ಟ್ರಿಂಕೋಮಲಿ' ನಮ್ಮ ಮುಂಬಯಿಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ತೇಗದ ಮರದಲ್ಲಿ ಕಟ್ಟಿದ ಹಡಗು. ಆಮ್‌ಸ್ಟರ್‌ಡ್ಯಾಮ್ ಕಡೆ ಕೆಲಸದಲ್ಲಿರುವ ಕನ್ನಡಿಗರು ಅಲ್ಲಿನ ಕಡಲ ಮ್ಯೂಸಿಯಂ ಪಕ್ಕದಲ್ಲಿ ನಿಂತಿರುವ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ನಕಲನ್ನು ಒಂದು ಭಾನುವಾರ ಹತ್ತಿ ಬರಬಹುದು. ಡೆಕ್ಕಿನ ಮೇಲೆ ನಿಂತು ಒಮ್ಮೆ ತಲೆ ಎತ್ತಿದರೆ ಹಗ್ಗಗಳ ಲೆಕ್ಕ ಅರ್ಥವಾಗುತ್ತದೆ.

ಹೆಜ್ಜೆ 4: ಬಾವುಟದ ಮೂಲೆ

ಇದು ಎಲ್ಲಕ್ಕಿಂತ ಸುಲಭ. ಇಂಗ್ಲಿಷ್ ಹಡಗಿನ ಹಿಂಭಾಗದ ಬಾವುಟದಲ್ಲಿ, ಕಂಬದ ಪಕ್ಕದ ಮೇಲಿನ ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಬಿಳಿಯ ಮೇಲೆ ಬರೀ ಕೆಂಪು ಕೂಡು ಗುರುತು ಇದ್ದರೆ 1707ಕ್ಕಿಂತ ಹಿಂದಿನದು. ಅದರ ಹಿಂದೆ ನೀಲಿ, ಬಿಳಿ ಓರೆ ಪಟ್ಟೆ ಸೇರಿದ್ದರೆ 1707ರಿಂದ 1800. ಬಿಳಿ ಓರೆ ಪಟ್ಟೆಯೊಳಗೆ ತೆಳ್ಳಗೆ ಕೆಂಪು ಓರೆ ಪಟ್ಟೆಯೂ ಇದ್ದರೆ 1801ರ ನಂತರ. ಆ ವರ್ಷ ಐರ್ಲೆಂಡ್ ಸೇರಿತು, ಬಾವುಟಕ್ಕೆ ಅದರ ಗುರುತೂ ಸೇರಿತು.

ನನ್ನ '1650ರ' ಚಿತ್ರದಲ್ಲಿ ಕೆಂಪು ಓರೆ ಪಟ್ಟೆ ಇತ್ತು! ನೂರೈವತ್ತು ವರ್ಷ ಮುಂಚೆಯೇ ಹುಟ್ಟಿದ ಬಾವುಟ.

ಬಾವುಟದ ಬಟ್ಟೆ ಕೆಂಪೋ ಬಿಳಿಯೋ ನೀಲಿಯೋ ಅನ್ನುವುದರ ಮೇಲೆ 1864ರವರೆಗೆ ಅದು ಬ್ರಿಟಿಷ್ ನೌಕಾಪಡೆಯ ಯಾವ ತುಕಡಿಗೆ ಸೇರಿದ್ದು ಅಂತ ಹೇಳಬಹುದಿತ್ತು. ಆಮೇಲೆ ಬಿಳಿ ನೌಕಾಪಡೆಗೆ, ಕೆಂಪು ವ್ಯಾಪಾರಿಗಳಿಗೆ ಅಂತಾಯಿತು. ಡಚ್ಚರ ಬಾವುಟ ಮೊದಲು ಕಿತ್ತಳೆ-ಬಿಳಿ-ನೀಲಿ, 1600ರ ಶತಮಾನದ ಮಧ್ಯದ ಹೊತ್ತಿಗೆ ಕೆಂಪು-ಬಿಳಿ-ನೀಲಿ. ಹಳೆಯ ಬಣ್ಣ ಮಾಸಿ ಕೆಂಪು ಕಿತ್ತಳೆಯಾಗಿ ಕಾಣುವುದೂ ಉಂಟು. ಆದ್ದರಿಂದ ಇದೊಂದನ್ನೇ ನಂಬಿ ಕಾಲ ಹೇಳಬೇಡಿ.

ಹೆಜ್ಜೆ 5: ಬರೆದವನು ಎಲ್ಲಿ ನಿಂತಿದ್ದ, ದುಡ್ಡು ಕೊಟ್ಟವರು ಯಾರು?

ಕಿರಿಯ ಫಾನ್ ಡೆ ವೆಲ್ಡೆಯ ಅಪ್ಪನ ಹೆಸರೂ ವಿಲ್ಲೆಮ್ (1611–1693). ಈತನದು ವಿಚಿತ್ರ ಧೈರ್ಯ. ಡಚ್ಚರಿಗೂ ಇಂಗ್ಲಿಷರಿಗೂ ಸಮುದ್ರದಲ್ಲಿ ಯುದ್ಧ ನಡೆಯುತ್ತಿದ್ದರೆ ಈತ ಸಣ್ಣದೊಂದು ಹಾಯಿದೋಣಿಯಲ್ಲಿ ಡಚ್ಚರ ಪಡೆಯ ಜೊತೆ ಹೋಗಿ, ಗುಂಡು ಹಾರುವಲ್ಲೇ ಕೂತು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ. 1666ರಲ್ಲಿ ನಾಲ್ಕು ದಿನ ನಡೆದ ಯುದ್ಧಕ್ಕೂ ಹೋಗಿದ್ದ. ಮನೆಗೆ ಬಂದ ಮೇಲೆ ಬಿಳಿ ಬಳಿದ ಹಲಗೆಯ ಮೇಲೆ ಶಾಯಿ-ಲೇಖನಿಯಲ್ಲೇ ದೊಡ್ಡ ಚಿತ್ರ ಬರೆಯುತ್ತಿದ್ದ. ದೂರದಿಂದ ಅಚ್ಚಿನ ಚಿತ್ರದಂತೆ ಕಾಣುತ್ತವೆ. 1653ರ ಟೆರ್‌ಹೈಡೆ ಕದನದ ಚಿತ್ರದಲ್ಲಿ ಮುಂದಿರುವ ಸಣ್ಣ ದೋಣಿಯನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಕೂತು ಬರೆಯುತ್ತಿರುವವನು ಸ್ವತಃ ಅವನೇ. 'ನಾನು ಅಲ್ಲಿದ್ದೆ' ಅನ್ನುವುದಕ್ಕೆ ರುಜು ಹಾಕಿದಂತೆ.

ಈಗ ಕಥೆಯ ತಿರುವು. 1672ರಲ್ಲಿ ಡಚ್ಚರ ದೇಶಕ್ಕೆ ಕೆಟ್ಟ ಕಾಲ ಬಂತು, ಚಿತ್ರ ಕೊಳ್ಳುವವರಿಲ್ಲ. ಆ ಚಳಿಗಾಲದಲ್ಲಿ ಅಪ್ಪ-ಮಗ ಇಬ್ಬರೂ ಇಂಗ್ಲೆಂಡಿಗೆ ಹೊರಟುಹೋದರು. ಅಂದರೆ ಯುದ್ಧ ನಡೆಯುತ್ತಿರುವಾಗಲೇ ಶತ್ರುವಿನ ಊರಿಗೆ! ಎರಡನೇ ಚಾರ್ಲ್ಸ್ ದೊರೆ ಇಬ್ಬರಿಗೂ ವರ್ಷಕ್ಕೆ ನೂರು ನೂರು ಪೌಂಡ್ ಗೊತ್ತು ಮಾಡಿದ. ಅಪ್ಪನಿಗೆ ಕಡಲ ಯುದ್ಧದ ಕರಡು ಎಳೆಯುವ ಕೆಲಸ, ಮಗನಿಗೆ ಅದಕ್ಕೆ ಬಣ್ಣ ಹಾಕುವ ಕೆಲಸ. ಗ್ರೀನಿಚ್‌ನ ರಾಣಿಯ ಮನೆಯಲ್ಲಿ ಅವರಿಗೆ ಕೋಣೆ ಕೊಟ್ಟರು. ನಿನ್ನೆಯವರೆಗೆ ಡಚ್ಚರ ಗೆಲುವು ಬರೆದ ಕೈ ಇಂದಿನಿಂದ ಇಂಗ್ಲಿಷರ ಗೆಲುವು ಬರೆಯಿತು. ಗಾಳಿ ಬಂದಾಗ ತೂರಿಕೊಂಡರು. ನಾನು ಅವರನ್ನು ಬೈಯಲಾರೆ, ಮನೆ ನಡೆಯಬೇಕಲ್ವಾ. ಆದರೆ ಚಿತ್ರ ನೋಡುವಾಗ ಯಾರ ಹಡಗು ಬೆಳಕಿನಲ್ಲಿದೆ, ಯಾರದು ಹೊಗೆಯಲ್ಲಿದೆ ಅಂತ ನೋಡುವುದನ್ನು ಬಿಡಬೇಡಿ.

ಹತ್ತಿರ ನಿಂತು ನೋಡಿದವನದು ಒಂದು ಬಗೆ. ಎಲ್ಲ ಗೊತ್ತಿದ್ದೂ ಬೇಕಂತಲೇ ಬದಲಿಸಿದವನು ಇಂಗ್ಲಿಷ್ ಕಲಾವಿದ ಟರ್ನರ್. 'ಟೆಮೆರೈರ್' ಅನ್ನುವ 98 ತೋಪಿನ ಹಡಗು 1805ರ ಟ್ರಫಾಲ್ಗರ್ ಯುದ್ಧದಲ್ಲಿ ಹೆಸರು ಮಾಡಿತ್ತು. 1838ರಲ್ಲಿ ಅದನ್ನು ಒಡೆಯಲು ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋದರು. ಮರುವರ್ಷ ಟರ್ನರ್ ತೋರಿಸಿದ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ಮೂರು ಕೂವೆಮರ ಹೊತ್ತ ಬೆಳ್ಳಗಿನ ಹಡಗನ್ನು ಒಂದು ಕರಿ ಹೊಗೆದೋಣಿ ಎಳೆಯುತ್ತಿದೆ, ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ನಿಜದಲ್ಲಿ ಆ ಹೊತ್ತಿಗೆ ಮರಗಳನ್ನೆಲ್ಲ ಕಿತ್ತಾಗಿತ್ತು. ಎಳೆದ ದೋಣಿಗಳು ಎರಡು. ಟರ್ನರ್ ಹಡಗಿಗೆ ಅದರ ಕಿರೀಟ ವಾಪಸ್ ಕೊಟ್ಟು ಕಳಿಸಿದ. ಟ್ರಫಾಲ್ಗರ್ ಯುದ್ಧದ್ದೇ ಅವನ ಇನ್ನೊಂದು ಭಾರೀ ಚಿತ್ರ ಗ್ರೀನಿಚ್‌ನಲ್ಲಿದೆ, 1824ರಲ್ಲಿ ಮುಗಿಸಿದ್ದು. ಯುದ್ಧ ಶುರುವಾಗುವ ಮುಂಚೆ ಏರಿಸಿದ ಸಂಕೇತದ ಬಾವುಟ, ಸಂಜೆ ಹೊತ್ತಿಗೆ ಉರಿದ ಹಡಗು, ಮರುದಿನ ಮುಳುಗಿದ ಹಡಗು, ಮೂರೂ ಅದರಲ್ಲಿ ಒಟ್ಟಿಗೇ ಇವೆ. ನಾವಿಕರಿಗೆ ಸಿಟ್ಟು ಬಂತು. ನಮಗೆ ಇದು ಹೊಸದೇನಲ್ಲ. ನಮ್ಮ ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ಸ್ವರ್ಗಕ್ಕೆ ಹೊರಟದ್ದು, ಮೇಲೆ ಶಿವಲಿಂಗದ ಮುಂದೆ ಕೂತದ್ದು, ಎಲ್ಲ ಒಂದೇ ಕಲ್ಲಿನಲ್ಲಿ. ವ್ಯತ್ಯಾಸ ಇಷ್ಟೇ. ಶಿಲ್ಪಿ ಪಟ್ಟಿ ಕೊರೆದು ಬೇರೆ ಮಾಡಿದ, ಟರ್ನರ್ ಮಾಡಲಿಲ್ಲ.

ನಿಖರವಾದ ಹಡಗು ಬೇಕಿದ್ದರೆ ದೊರೆಗಳ ಗೋಡೆ ಬಿಟ್ಟು ಕ್ಯಾಪ್ಟನ್ನರ ಮನೆಗೆ ಬನ್ನಿ. 1800ರ ದಶಕಗಳಲ್ಲಿ ಬಂದರುಗಳಲ್ಲಿ ಹಡಗಿನ 'ಭಾವಚಿತ್ರ' ಬರೆದುಕೊಡುವವರು ಇರುತ್ತಿದ್ದರು. ನಮ್ಮ ಹಳೆಯ ಫೋಟೋ ಸ್ಟುಡಿಯೋ ಇದ್ದ ಹಾಗೆ. ಫ್ರಾನ್ಸಿನ ಮಾರ್ಸೇಯ ಬಂದರಿನಲ್ಲಿ ರೂ ಮನೆತನ, ನ್ಯೂಯಾರ್ಕ್ ಕಡೆ ಆಂಟೋನಿಯೊ ಯಾಕೊಬ್‌ಸನ್ (1850–1921). ಯಾಕೊಬ್‌ಸನ್ ಸಾವಿರಗಟ್ಟಲೆ ಹಡಗು ಬರೆದ. ಹಡಗು ಪಕ್ಕಕ್ಕೆ ತಿರುಗಿ ಪಾಸ್‌ಪೋರ್ಟ್ ಫೋಟೋಗೆ ನಿಂತಂತೆ ಇರುತ್ತದೆ. ಸಮುದ್ರ ಎಲ್ಲದರಲ್ಲೂ ಒಂದೇ ತರ, ಬೇಸರ ಬರಿಸುತ್ತದೆ. ಆದರೆ ಹಗ್ಗಗಳು ಸರಿ ಇರುತ್ತವೆ. ಒಂದು ಹಗ್ಗ ತಪ್ಪಿದರೂ ಗಿರಾಕಿ ದುಡ್ಡು ಕೊಡುತ್ತಿರಲಿಲ್ಲ.

ಹೆಜ್ಜೆ 6: ದಡ ನಮ್ಮದಾಗಿದ್ದರೆ

ನಮ್ಮ ಕರಾವಳಿಯ ಹಳೆಯ ಯುರೋಪಿಯನ್ ಚಿತ್ರ ಸಿಕ್ಕರೆ ಮೊದಲ ಪ್ರಶ್ನೆ, ಬರೆದವನು ಬಂದಿದ್ದನೇ? ಜರ್ಮನಿಯ ಕೊಲೋನ್‌ನಲ್ಲಿ 1572ರಲ್ಲಿ ಅಚ್ಚಾದ ಊರುಗಳ ಚಿತ್ರಸಂಪುಟದಲ್ಲಿ ಕಲ್ಲಿಕೋಟೆ, ಕಣ್ಣೂರು ಇವೆ. ಅವು ಬೇರೆಯವರು ತಂದ ಚಿತ್ರ, ಕೇಳಿದ ಮಾತು ಇವುಗಳಿಂದ ಕೊರೆದವು. ಡಚ್ಚನಾದ ಲಿನ್ಸ್‌ಖೋಟೆನ್ ಕಥೆ ಬೇರೆ. 1583ರಿಂದ ಐದಾರು ವರ್ಷ ಗೋವಾದಲ್ಲಿ ಆರ್ಚ್‌ಬಿಷಪ್ಪರ ಬಳಿ ಗುಮಾಸ್ತನಾಗಿದ್ದ. 1596ರಲ್ಲಿ ಬಂದ ಅವನ ಪುಸ್ತಕದ ಗೋವಾ, ಕೊಚ್ಚಿ ದೋಣಿಗಳನ್ನು ನಾನು ಜಾಸ್ತಿ ನಂಬುತ್ತೇನೆ. 1635ರಲ್ಲಿ ಪೋರ್ಚುಗೀಸರು ತಮ್ಮ ಕೋಟೆಗಳ ನಕ್ಷೆಗಳನ್ನು ಸೇರಿಸಿ ಮಾಡಿದ, ಬೊಕಾರೊ ಅನ್ನುವವನ ಹಸ್ತಪ್ರತಿಯಲ್ಲಿ ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರು ನಾಲ್ಕೂ ಇವೆ. ಊರಿನ ಹೆಸರು ಮಾತ್ರ ಓನೋರ್, ಕಂಬೋಲಿಂ, ಬಾರ್ಸೆಲೋರ್ ಅಂತ ಹುಡುಕಬೇಕು.

ನಮ್ಮವರೇ ಮಾಡಿದ ಹಡಗಿನ ಚಿತ್ರ ಬೇಕಿದ್ದರೆ ಕಾಗದ ಬಿಟ್ಟು ಕಲ್ಲಿಗೆ ಹೋಗಿ. ಗೋವಾದಲ್ಲಿ ಕದಂಬರ ಕಾಲದ, ಹಡಗು ಕೆತ್ತಿದ ವೀರಗಲ್ಲುಗಳಿವೆ. ಮುಂಬಯಿಯ ಬೋರಿವಲಿ ಹತ್ತಿರ ಏಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ಹಡಗುಗಳ ಸಾಲೇ ಇದೆ.

ಹೆಜ್ಜೆ 7: ಕೊಳ್ಳುವುದಿದ್ದರೆ ಕಾಗದ ನೋಡಿ

ಹಳೆಯ ಹಡಗಿನ ಚಿತ್ರ ಅಂತ ನಮ್ಮಲ್ಲಿ ಮಾರುವುದೆಲ್ಲ ಬಹುತೇಕ ಅಚ್ಚಿನವು. ಭೂತಗನ್ನಡಿ ಜೇಬಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಸಾಕು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದರೆ ಗೆರೆಗಳು ಗೆರೆಗಳಾಗಿಯೇ ಇರುತ್ತವೆ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಕೈಯಿಂದ ಬಣ್ಣ ಹಾಕಿದ್ದರೆ ಅದು ಅಲ್ಲಲ್ಲಿ ಗೆರೆ ದಾಟಿರುತ್ತದೆ. 1750ಕ್ಕಿಂತ ಹಿಂದಿನ ಕಾಗದವನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಗೆರೆಗಳು ಕಾಣಬೇಕು, ಕಾಗದ ಎತ್ತುವ ಜರಡಿಯ ತಂತಿಗಳ ಗುರುತು ಅದು. ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅಲ್ಲಿಗೆ ಮುಗಿಯಿತು. ಅದು ಆಧುನಿಕ ಮುದ್ರಣ, ಕ್ಯಾಲೆಂಡರಿನ ಹಾಗೆ. ಇನ್ನೊಂದು ಮಾತು. ತಗಡಿನಿಂದ ಅಚ್ಚಾಗುವಾಗ ಚಿತ್ರ ಎಡ-ಬಲ ತಿರುಗುತ್ತದೆ. ಬಂದರಿನ ಚರ್ಚು ತಪ್ಪು ದಡದಲ್ಲಿದ್ದರೆ, ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ ಅದು ನಕಲಿ ಅಂತ ಗಾಬರಿ ಬೇಡ. ಕೊರೆದವನು ಮೂಲವನ್ನು ನೇರವಾಗಿ ನೋಡಿ ಕೊರೆದಿರುತ್ತಾನೆ ಅಷ್ಟೆ.

ನನ್ನ ಚಿತ್ರದ ಫ್ರೇಮ್ ಬಿಚ್ಚಿ ನೋಡಿದಾಗ ಚುಕ್ಕೆಗಳೇ ಚುಕ್ಕೆಗಳು. ಮಾಸಿದ್ದು ಕಾಗದವಲ್ಲ, ಮಾಸಿದಂತೆ ಅಚ್ಚು ಹಾಕಿದ್ದರು. ವಾಪಸ್ ಕೊಡಲು ಹೋಗಲಿಲ್ಲ. ಅದು ಈಗಲೂ ಹಾಲ್‌ನಲ್ಲೇ ಇದೆ. ಮನೆಗೆ ಬಂದ ಮಕ್ಕಳಿಗೆ ಆ ಬಾವುಟ ತೋರಿಸಿ "ಇದರಲ್ಲಿ ಏನು ತಪ್ಪಿದೆ ಹೇಳು" ಅಂತ ಕೇಳುತ್ತೇನೆ. ಮೊನ್ನೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ನೋಡಿ, "ಎರಡು ಕಡೆಯಿಂದ ಗಾಳಿ ಬರ್ತಿದೆ" ಅಂದಳು.